ಮಗುವಿನ ಉಚ್ಚೆಯ ಧಾರೆ ನೋಡಿದ್ದೀರಾ? ಮುಂಬಯಿಯ ಕನ್ನಡ ಅಪ್ಪ-ಅಮ್ಮಂದಿರಿಗೆ

ನನ್ನ ಏಳನೇ ತಿಂಗಳ ಸೋನೋಗ್ರಫಿ ರಿಪೋರ್ಟಿನಲ್ಲಿ ಒಂದು ಸಾಲು ಇತ್ತು. ಮಗುವಿನ ಎಡ ಕಿಡ್ನಿ ಊದಿಕೊಂಡಿದೆ, ಹುಟ್ಟಿದ ಮೇಲೆ ಮತ್ತೆ ನೋಡಬೇಕು ಅಂತ. ಡೊಂಬಿವಲಿಯ ಡಾಕ್ಟರು ಬಾಯಲ್ಲೂ ಹೇಳಿದ್ದರು. ಅದಾದ ವಾರಕ್ಕೆ ನಾನು ಬಾಣಂತನಕ್ಕೆಂದು ಹಾವೇರಿಯ ತವರಿಗೆ ಹೊರಟೆ. ಸೀರೆ, ಹಳೇ ಪಂಚೆ, ಕುಲಾವಿ ಎಲ್ಲ ಚೀಲಕ್ಕೆ ಹೋಯಿತು. ಫೈಲು ಕಪಾಟಿನಲ್ಲೇ ಉಳಿಯಿತು.

ಮಗ ಗುಂಡಗೆ ಹುಟ್ಟಿದ. ಯಾರೂ ಕಿಡ್ನಿಯ ಮಾತು ಎತ್ತಲಿಲ್ಲ, ನನಗೂ ಮರೆತೇ ಹೋಗಿತ್ತು. ಮೂರನೇ ತಿಂಗಳಿಂದ ಜ್ವರ ಶುರುವಾಯಿತು. ಮೂರು ಸಲ ಬಂತು, ಮೂರು ಸಲವೂ ಸಿರಪ್ ಕೊಟ್ಟು ಇಳಿಸಿದೆವು. ಹಲ್ಲು ಬರುವ ಜ್ವರ ಅಂದರು, ದೃಷ್ಟಿ ಅಂದರು. ಐದನೇ ತಿಂಗಳಲ್ಲಿ ಡೊಂಬಿವಲಿಗೆ ಮರಳಿದ ಮೇಲೆ ಮೂತ್ರ ಪರೀಕ್ಷೆ ಆಯಿತು, ಸೋನೋಗ್ರಫಿ ಆಯಿತು. ಕಿಡ್ನಿಯಿಂದ ಮೂತ್ರ ಇಳಿಯುವ ಬಾಯಿಯೇ ಕಿರಿದಾಗಿತ್ತು. ಆಪರೇಷನ್ ಆಗುವ ಹೊತ್ತಿಗೆ ಎಡ ಕಿಡ್ನಿಯ ಕೆಲಸ ನೂರಕ್ಕೆ 31 ಪಾಲಿಗೆ ಇಳಿದಿತ್ತು. ಅದು ಅಲ್ಲಿಗೇ ನಿಂತಿದೆ, ಮೇಲೆ ಬಂದಿಲ್ಲ.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲಿನ ಹನ್ನೊಂದು ವರ್ಷ ನಮ್ಮ ಕಡೆಯ ಎಷ್ಟೋ ತಾಯಂದಿರ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಅಲ್ಲಿ ಕಂಡಿದ್ದು ಇದು: ನಮ್ಮ ಮಕ್ಕಳಿಗೆ ತಡವಾಗುವುದು ಬಹಳ ಸಲ ಎರಡು ಊರುಗಳ ನಡುವೆ. ಮುಂಬಯಿಯಲ್ಲಿ ತಪಾಸಣೆ, ಊರಲ್ಲಿ ಹೆರಿಗೆ, ಫೈಲು ಇನ್ನೆಲ್ಲೋ. ಅದರ ಮೇಲೆ ನಾಚಿಕೆ ಬೇರೆ. ಜಾಗ ಅಂಥದ್ದು, ಯಾರ ಹತ್ರ ಹೇಳುವುದು ಅನ್ನುವ ಮುಜುಗರ.

ಮೊದಲು: ಫೈಲು ಚೀಲಕ್ಕೆ ಹೋಗಲಿ

18ರಿಂದ 20 ವಾರದೊಳಗೆ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ ಮಗುವಿನ ಎರಡೂ ಕಿಡ್ನಿ, ಮೂತ್ರಚೀಲ, ಸುತ್ತಲಿನ ನೀರು ಎಲ್ಲ ನೋಡುತ್ತಾರೆ. ಕಿಡ್ನಿಯಲ್ಲಿ ಮೂತ್ರ ನಿಂತು ಊದಿದ್ದರೆ ಹೈಡ್ರೋನೆಫ್ರೋಸಿಸ್ ಅಂತ ಬರೆಯುತ್ತಾರೆ. ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಒಂದು ಅಳತೆ ಇರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಅದು 7 ಮಿಲಿಮೀಟರ್ ದಾಟಿದ್ದರೆ ಹುಟ್ಟಿದ ಮೇಲೆ ನೋಡಲೇಬೇಕು. ಗಾಬರಿ ಬೇಡ. ಸಣ್ಣ ಊತ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಮರೆಯುವುದು ಮಾತ್ರ ಬೇಡ.

ಎರಡೂ ಕಿಡ್ನಿ ಊದಿವೆ, ಮೂತ್ರಚೀಲದ ಗೋಡೆ ದಪ್ಪಗಿದೆ, ಸುತ್ತಲಿನ ನೀರು ಕಡಿಮೆಯಿದೆ ಅಂತ ಬರೆದಿದ್ದರೆ ಲೆಕ್ಕವೇ ಬೇರೆ. ಗಂಡು ಮಕ್ಕಳ ಮೂತ್ರನಾಳದಲ್ಲಿ ತೆಳು ಪೊರೆ ಅಡ್ಡ ಇರುವ ತೊಂದರೆ ಹೀಗೆ ಕಾಣಿಸಿಕೊಳ್ಳುತ್ತದೆ. 1994ರ ಕಾಯ್ದೆಯಿಂದಾಗಿ ಮಗು ಗಂಡೋ ಹೆಣ್ಣೋ ಎಂದು ಡಾಕ್ಟರು ಹೇಳುವಂತಿಲ್ಲ. ಹಾಗಾಗಿ ಅವರು ಬಿಡಿಸಿ ಹೇಳದೆ, ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಅಂತ ಮಾತ್ರ ಹೇಳಬಹುದು. ಆ ಮಾತನ್ನು ತೂಕವಾಗಿ ತಗೊಳ್ಳಿ. ಮಕ್ಕಳ ಸರ್ಜನ್ ಮತ್ತು ಹಸುಗೂಸುಗಳ ಐಸಿಯು ಎರಡೂ ಇರುವ ಕಡೆಯೇ ಹೆರಿಗೆ ಆಗಲಿ, ಅದು ಮುಂಬಯಿಯಾಗಲಿ ಹುಬ್ಬಳ್ಳಿಯಾಗಲಿ. ತವರಿನ ಆಸೆ ಈ ಒಂದು ಸಲ ಬದಿಗಿರಲಿ.

ಊರಿಗೆ ಹೊರಡುವ ದಿನ ಆ ರಿಪೋರ್ಟಿನ ಫೋಟೋ ನಿಮ್ಮ ಫೋನಿನಲ್ಲಿ, ಗಂಡನ ಫೋನಿನಲ್ಲಿ, ಅಮ್ಮನ ಮನೆಯಲ್ಲಿ ಯಾರದಾದರೂ ಫೋನಿನಲ್ಲಿ ಇರಲಿ. ಮೂಲ ಪ್ರತಿ ಚೀಲದಲ್ಲಿರಲಿ.

ಹುಟ್ಟಿದ ಮೊದಲ ವಾರ

ಮಗು ಮೊದಲ ಸಲ ಉಚ್ಚೆ ಮಾಡಿದ್ದು ಯಾವಾಗ ಅಂತ ಬರೆದಿಡಿ. ಹೆಚ್ಚಿನ ಮಕ್ಕಳು 24 ಗಂಟೆಯೊಳಗೆ ಮಾಡುತ್ತವೆ. 48 ಗಂಟೆಯಾದರೂ ಮಾಡದಿದ್ದರೆ ಡಾಕ್ಟರನ್ನು ಕರೆಯಿರಿ.

ಹೊಟ್ಟೆಯಲ್ಲಿದ್ದಾಗ ಕಿಡ್ನಿ ಊದಿತ್ತು ಅಂತಾದರೆ ಹುಟ್ಟಿದ ಮೇಲೆ ಸೋನೋಗ್ರಫಿ ಬೇಕು. ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರು ಕಡಿಮೆ ಇರುತ್ತದೆ. ಆಗ ಮಾಡಿದರೆ ಊತ ಇದ್ದರೂ ಇಲ್ಲದಂತೆ ಕಾಣಬಹುದು. ಅದಕ್ಕೇ ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಮಾಡುತ್ತಾರೆ. ಆ ರಿಪೋರ್ಟ್ ಚೆನ್ನಾಗಿ ಬಂದರೂ ನಾಲ್ಕರಿಂದ ಆರು ವಾರಕ್ಕೆ ಇನ್ನೊಮ್ಮೆ ಮಾಡಿಸಬೇಕು. ನಮ್ಮವರು ಕೈಬಿಡುವುದು ಈ ಎರಡನೆಯದನ್ನೇ. ಆ ಹೊತ್ತಿಗೆ ಬಾಣಂತಿ ಕೋಣೆ ಬಿಟ್ಟು ಹೊರಡುವುದು ನಮ್ಮ ಮನೆಗಳಲ್ಲಿ ಕಷ್ಟ, ಗೊತ್ತು. ಆದರೂ ಹೊರಡಿ. ಇನ್ನು ಮೂತ್ರನಾಳಕ್ಕೆ ಪೊರೆ ಅಡ್ಡ ಇರಬಹುದೆಂಬ ಅನುಮಾನವಿದ್ದರೆ ಮೂರು ದಿನ ಕಾಯುವುದಿಲ್ಲ, ಹುಟ್ಟಿದ ತಕ್ಷಣವೇ ನೋಡುತ್ತಾರೆ.

ಎಣ್ಣೆ ಸ್ನಾನದ ಹೊತ್ತಿಗೆ ಐದು ನಿಮಿಷ ನೋಡಿ

ನಮ್ಮಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಪದ್ಧತಿ ಇದೆಯಲ್ಲ, ತಪಾಸಣೆಗೆ ಅದಕ್ಕಿಂತ ಒಳ್ಳೇ ಹೊತ್ತಿಲ್ಲ. ಮೈ ಬೆಚ್ಚಗಿರುತ್ತದೆ, ಮಗು ಸಡಿಲವಾಗಿರುತ್ತದೆ.

ಗಂಡು ಮಗುವಾದರೆ ಉಚ್ಚೆಯ ಧಾರೆ ನೋಡಿ. ನೇರವಾಗಿ, ದೂರಕ್ಕೆ ಚಿಮ್ಮಬೇಕು. ತೊಟ್ಟು ತೊಟ್ಟಾಗಿ ಬೀಳುತ್ತಿದ್ದರೆ, ಮಗು ಮುಕ್ಕರಿಯುತ್ತಿದ್ದರೆ, ಉಚ್ಚೆ ಆದ ಮೇಲೂ ಹೊಕ್ಕುಳ ಕೆಳಗೆ ಗಟ್ಟಿ ಗಡ್ಡೆಯಂತೆ ಕೈಗೆ ಸಿಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಧಾರೆ ದುರ್ಬಲವಾಗಿದ್ದರೆ ದೊಡ್ಡವನಾದ ಮೇಲೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಪೊರೆ ಅಡ್ಡ ಇದ್ದರೆ ಮೂತ್ರ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿಗಳನ್ನು ದಿನದಿನಕ್ಕೂ ಕೆಡಿಸುತ್ತದೆ.

ಮೂತ್ರದ ತೂತು ಎಲ್ಲಿದೆ ನೋಡಿ. ತುದಿಯಲ್ಲಿರಬೇಕು. ಕೆಳಭಾಗದಲ್ಲಿದ್ದು, ಮುಂದೊಗಲು ಮೇಲೆ ಮಾತ್ರ ಟೋಪಿಯಂತೆ ಇದ್ದರೆ ಅದು ಹೈಪೋಸ್ಪೇಡಿಯಾಸ್. ಇದು ಅಪರೂಪವೇನಲ್ಲ. ಸುಮಾರು 200ರಿಂದ 300 ಗಂಡು ಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಇಂಥ ಮಗುವಿಗೆ ಯಾವ ಕಾರಣಕ್ಕೂ ಸುನ್ನತಿ ಮಾಡಿಸಬಾರದು. ಮುಂದೆ ಸರಿಪಡಿಸುವಾಗ ಸರ್ಜನ್‌ಗೆ ಆ ಚರ್ಮವೇ ಬೇಕಾಗುತ್ತದೆ.

ಆಮೇಲೆ ಬೀಜಗಳು. ಬೆಚ್ಚಗಿನ ಕೈಯಿಂದ ಮೆಲ್ಲಗೆ ಮುಟ್ಟಿದರೆ ಎರಡೂ ಚೀಲದಲ್ಲಿ ಸಿಗಬೇಕು. ಚಳಿಗೆ ಮೇಲೆ ಹೋಗಿ ಬೆಚ್ಚಗಾದಾಗ ಇಳಿದರೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಎರಡೂ ಸಿಗದಿದ್ದರೆ ಕಾಯದೆ ಹುಟ್ಟಿದಾಗಲೇ ತೋರಿಸಿ. ಒಂದು ಬದಿ ಮಾತ್ರ ಯಾವಾಗಲೂ ಖಾಲಿಯೇ ಇದ್ದರೆ ಆರು ತಿಂಗಳವರೆಗೆ ಕಾಯಬಹುದು, ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಹೆರಿಗೆಯ ಅಂದಾಜು ದಿನದಿಂದ ಲೆಕ್ಕ ಹಿಡಿಯಬೇಕು. ಆಮೇಲೆ ತಾನಾಗಿ ಇಳಿಯುವುದು ತೀರಾ ಕಡಿಮೆ. ಆಪರೇಷನ್ ಒಂದು, ಒಂದೂವರೆ ವರ್ಷದೊಳಗೆ ಆಗಬೇಕು. ಶಾಲೆಗೆ ಸೇರಿದ ಮೇಲೆ ನೋಡೋಣ ಅನ್ನುತ್ತಾರಲ್ಲ, ಆ ಹೊತ್ತಿಗೆ ಬೀಜದ ಬೆಳವಣಿಗೆಗೆ ಏಟು ಬಿದ್ದಿರುತ್ತದೆ. ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಾಗಬಹುದು, ಕ್ಯಾನ್ಸರ್ ಅಪಾಯವೂ ಹೆಚ್ಚು.

ಚೀಲ ಊದಿದ್ದರೆ ಎರಡು ಬಗೆ. ಬರೀ ನೀರಾದರೆ ಒಂದೆರಡು ವರ್ಷದಲ್ಲಿ ಸಾಮಾನ್ಯವಾಗಿ ಒಣಗುತ್ತದೆ. ಅತ್ತಾಗ ತೊಡೆಸಂದಿನಲ್ಲಿ ಉಬ್ಬಿ ಮಲಗಿದಾಗ ಒಳಹೋದರೆ ಅದು ಹರ್ನಿಯಾ, ಅದಕ್ಕೆ ಕಾಯುವಂತಿಲ್ಲ. ಉಬ್ಬು ಗಟ್ಟಿಯಾಗಿ ಒಳಹೋಗದೆ ಮಗು ವಾಂತಿ ಮಾಡಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಹಾಗೇ ಯಾವ ವಯಸ್ಸಿನ ಹುಡುಗನಿಗಾದರೂ ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಉಳಿಸಲು ಸುಮಾರು ಆರು ಗಂಟೆ ಸಮಯ ಅಷ್ಟೇ.

ಇನ್ನೊಂದು ಅಭ್ಯಾಸ ನಮ್ಮ ಅಜ್ಜಿಯರು ಬಿಡಬೇಕು. ಸ್ನಾನ ಮಾಡಿಸುವಾಗ ಮುಂದೊಗಲನ್ನು ಬಲವಾಗಿ ಹಿಂದೆ ಎಳೆಯುವುದು. ಚಿಕ್ಕ ಮಕ್ಕಳಲ್ಲಿ ಅದು ಅಂಟಿಕೊಂಡೇ ಇರುತ್ತದೆ, ಬೆಳೆದಂತೆ ಬಿಡುತ್ತದೆ. ಎಳೆದರೆ ಹರಿದು, ಗಾಯ ಒಣಗುವಾಗ ನಿಜವಾಗಿಯೂ ಬಿಗಿಯಾಗುತ್ತದೆ. ಹಿಂದೆ ಸರಿದದ್ದು ಮುಂದೆ ಬರದೆ ತುದಿ ಊದಿಕೊಂಡರೆ ಅದೂ ತುರ್ತು.

ಹೆಣ್ಣು ಮಗುವಿನಲ್ಲಿ

ಹೆಣ್ಣು ಮಕ್ಕಳನ್ನು ಯಾರೂ ಸರಿಯಾಗಿ ನೋಡುವುದೇ ಇಲ್ಲ. ಇದು ನನಗೆ ಬಹಳ ನೋವಿನ ವಿಷಯ. ಮೂತ್ರದ ತೂತು, ಅದರ ಕೆಳಗೆ ಯೋನಿಯ ಬಾಯಿ, ಹಿಂದೆ ಮಲದ್ವಾರ, ಹೀಗೆ ಮೂರೂ ಬೇರೆಬೇರೆಯಾಗಿ ಇರಬೇಕು. ಒಂದೇ ತೂತು ಇದ್ದರೆ, ಮಲ ಬೇರೆ ಜಾಗದಿಂದ ಬರುತ್ತಿದ್ದರೆ ತಕ್ಷಣ ತೋರಿಸಿ. ಯೋನಿಯ ತುಟಿಗಳು ತೆಳುವಾಗಿ ಅಂಟಿಕೊಂಡಿದ್ದರೆ ಅದು ಸಣ್ಣ ವಿಷಯ, ಮುಲಾಮಿನಲ್ಲೇ ಬಿಡುತ್ತದೆ. ಕೈಯಿಂದ ಬಿಡಿಸಲು ಹೋಗಬೇಡಿ.

ಐದಾರು ವರ್ಷದ ಹುಡುಗಿ ಸರಿಯಾಗಿ ಬಚ್ಚಲಿಗೆ ಹೋಗುತ್ತಾಳೆ, ಆದರೂ ಚಡ್ಡಿ ಹಗಲೂ ರಾತ್ರಿ ಸ್ವಲ್ಪ ಒದ್ದೆ. ಶಾಲೆಯಲ್ಲಿ ಬೈಗುಳ, ಮನೆಯಲ್ಲಿ ಏಟು. ಕಿಡ್ನಿಯಿಂದ ಬರುವ ಒಂದು ನಾಳ ಮೂತ್ರಚೀಲಕ್ಕೆ ಸೇರದೆ ಕೆಳಗೆ ಬೇರೆ ಕಡೆ ತೆರೆದಿದ್ದರೆ ಹೀಗಾಗುತ್ತದೆ. ಅವಳ ತಪ್ಪು ಏನೂ ಇಲ್ಲ. ಆಪರೇಷನ್ ಆದರೆ ಒದ್ದೆ ನಿಲ್ಲುತ್ತದೆ. ರಾತ್ರಿ ಮಾತ್ರ ಹಾಸಿಗೆ ಒದ್ದೆ ಮಾಡುವುದು ಬೇರೆ, ಐದು ವರ್ಷದವರೆಗೆ ಅದು ಸಹಜ.

ದೊಡ್ಡ ಹುಡುಗಿಗೆ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತದೆ, ಮುಟ್ಟು ಮಾತ್ರ ಕಾಣುವುದಿಲ್ಲ ಅಂದರೆ ಒಳಗೆ ರಕ್ತ ಕಟ್ಟಿಕೊಂಡಿರಬಹುದು. 15 ದಾಟಿದರೂ ಮುಟ್ಟಾಗದಿದ್ದರೆ ಸೋನೋಗ್ರಫಿ ಮಾಡಿಸಿ.

ಗಂಡೋ ಹೆಣ್ಣೋ ಗೊತ್ತಾಗದಿದ್ದರೆ

ಕೆಲವು ಮಕ್ಕಳಲ್ಲಿ ಹೊರಗಿನ ಅಂಗ ನೋಡಿ ಹೇಳಲು ಆಗುವುದಿಲ್ಲ. ಹೈಪೋಸ್ಪೇಡಿಯಾಸ್ ಜೊತೆ ಬೀಜವೂ ಸಿಗದಿದ್ದರೆ ಅಂಥ ಮಗುವಿಗೂ ಈ ಮುಂದೆ ಹೇಳುವ ತಪಾಸಣೆ ಬೇಕು. ಸುಮ್ನೆ ಅಂದಾಜಿನ ಮೇಲೆ ಹೆಸರಿಡಬೇಡಿ, ಪೇಡೆ ಹಂಚಬೇಡಿ. ಕ್ರೋಮೋಸೋಮ್ ಪರೀಕ್ಷೆ, ಹಾರ್ಮೋನ್ ಪರೀಕ್ಷೆ, ಸೋನೋಗ್ರಫಿ ಆಗಲಿ. ಜನನ ನೋಂದಣಿಯಲ್ಲಿ ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು, ಆ ಅವಸರ ಬೇಡ.

ಅವಸರ ಬೇಕಾದ್ದು ಇನ್ನೊಂದಕ್ಕೆ. ಇಂಥ ಕೆಲವು ಮಕ್ಕಳಲ್ಲಿ ಅಡ್ರಿನಲ್ ಗ್ರಂಥಿಯ ಕೊರತೆ ಇರುತ್ತದೆ, ಮೈಯ ಉಪ್ಪು ಮೂತ್ರದಲ್ಲಿ ಹೋಗುತ್ತದೆ. ಒಂದರಿಂದ ಮೂರು ವಾರದೊಳಗೆ ಮಗು ವಾಂತಿ ಮಾಡುತ್ತದೆ, ಹಾಲು ಬಿಡುತ್ತದೆ, ಸೋತುಹೋಗುತ್ತದೆ. ಪ್ರಾಣಕ್ಕೇ ಅಪಾಯ. ಬೇಗ ಹಿಡಿದರೆ ದಿನದ ಮಾತ್ರೆಯಲ್ಲಿ ಮಗು ಚೆನ್ನಾಗಿ ಬೆಳೆಯುತ್ತದೆ. ಚಂದ ಕಾಣಲೆಂದು ಮಾಡುವ ಆಪರೇಷನ್‌ಗೆ ಮಾತ್ರ ಅವಸರ ಮಾಡಬೇಡಿ. ತಮಿಳುನಾಡು 2019ರಲ್ಲೇ ಅಂಥ ಆಪರೇಷನ್ನುಗಳನ್ನು ಹಸುಗೂಸುಗಳ ಮೇಲೆ ಮಾಡುವುದನ್ನು ತಡೆದಿದೆ. ಮಗು ದೊಡ್ಡದಾಗಿ ತಾನೇ ಮಾತಾಡುವವರೆಗೆ ಕಾಯಬಹುದಾದ್ದಕ್ಕೆ ಕಾಯುವುದೇ ಸರಿ ಅಂತ ನನ್ನ ನಂಬಿಕೆ.

ಜ್ವರ ಬಂದಾಗ ಮೊದಲು ಮೂತ್ರ

ನಾನು ತಪ್ಪಿದ್ದು ಇಲ್ಲೇ. ನೆಗಡಿಯಿಲ್ಲ, ಕೆಮ್ಮಿಲ್ಲ, ಆದರೂ ಮಗುವಿಗೆ ಜ್ವರ 100.4 ದಾಟಿದೆ ಅಂದರೆ ಮೂತ್ರ ಪರೀಕ್ಷೆ ಕೇಳಿ. ಆಂಟಿಬಯಾಟಿಕ್‌ನ ಮೊದಲ ಡೋಸ್ ಕೊಡುವ ಮುಂಚೆಯೇ ಕಲ್ಚರ್‌ಗೆ, ಅಂದರೆ ಕೀಟಾಣು ಬೆಳೆಸಿ ನೋಡುವ ಪರೀಕ್ಷೆಗೆ, ಮೂತ್ರ ಕೊಡಬೇಕು. ಕೊಟ್ಟ ಮೇಲೆ ತೆಗೆದರೆ ಕೀಟಾಣು ಸಿಗದೆ ಹೋಗಬಹುದು. ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರದಲ್ಲಿ ಚರ್ಮದ ಕೀಟಾಣು ಸೇರಿ ರಿಪೋರ್ಟ್ ತಪ್ಪುವುದು ಜಾಸ್ತಿ. ತೊಳೆದು ಒರೆಸಿ, ತಣ್ಣೀರಲ್ಲಿ ಅದ್ದಿದ ಹತ್ತಿಯಿಂದ ಕಿಬ್ಬೊಟ್ಟೆ ಮೆಲ್ಲಗೆ ಉಜ್ಜುತ್ತಿದ್ದರೆ ಎಷ್ಟೋ ಮಕ್ಕಳು ಉಚ್ಚೆ ಮಾಡುತ್ತವೆ. ಮಧ್ಯದ ಧಾರೆಯನ್ನು ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯಿರಿ. ಆಗದಿದ್ದರೆ ಆಸ್ಪತ್ರೆಯಲ್ಲಿ ಸಣ್ಣ ನಳಿಗೆ ಹಾಕಿ ತೆಗೆಯುತ್ತಾರೆ.

ಎಲ್ಲಿಗೆ ಹೋಗುವುದು

ಬೇಕಾದವರು ಪೀಡಿಯಾಟ್ರಿಕ್ ಸರ್ಜನ್ ಅಥವಾ ಮಕ್ಕಳ ಯುರಾಲಜಿಸ್ಟ್. ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ ಮತ್ತು ಮುನಿಸಿಪಾಲ್ಟಿಯ ಕೆಇಎಂ ಹತ್ತಿರ ಹತ್ತಿರವೇ ಇವೆ. ಡೊಂಬಿವಲಿ, ಕಲ್ಯಾಣ, ಮುಲುಂಡ್ ಕಡೆಯವರು ಸ್ಲೋ ಲೋಕಲ್ ಹಿಡಿದು ಪರೇಲ್‌ನಲ್ಲಿ ಇಳಿಯಬಹುದು. ಅಂಧೇರಿ, ಬೊರಿವಲಿ ಕಡೆಯವರು ಪ್ರಭಾದೇವಿಯಲ್ಲಿ ಇಳಿಯಬೇಕು. ಧಾರಾವಿಯವರಿಗೆ ಸಯನ್ ಆಸ್ಪತ್ರೆ ಹತ್ತಿರ. ಮುಂಬಯಿ ಸೆಂಟ್ರಲ್‌ನಲ್ಲಿ ನಾಯರ್, ಭಾಯಖಳಾದಲ್ಲಿ ಜೆಜೆ ಇವೆ. ಯಾವ ದಿನ ಯಾವ ಓಪಿಡಿ ಅಂತ ಮೊದಲೇ ವಿಚಾರಿಸಿ, ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ.

ಮರಾಠಿ ಬಾರದಿದ್ದರೆ ನಾಲ್ಕು ಮಾತು ಕಲಿತಿರಿ. ಮೂತ್ರಕ್ಕೆ ಲಘವಿ, ಜ್ವರಕ್ಕೆ ತಾಪ್, ಊತಕ್ಕೆ ಸೂಜ್, ತೊಟ್ಟು ತೊಟ್ಟಾಗಿ ಅನ್ನುವುದಕ್ಕೆ ಥೇಂಬ್ ಥೇಂಬ್. ಇದಕ್ಕಿಂತ ಒಳ್ಳೆಯ ಉಪಾಯ, ಉಚ್ಚೆ ಮಾಡುವಾಗಿನ ಹತ್ತು ಸೆಕೆಂಡಿನ ವಿಡಿಯೋ. ನೀವು ಹೇಳಲು ನಾಚಿದ್ದನ್ನು ಅದು ಹೇಳುತ್ತದೆ. ತೋರಿಸಿದ ಮೇಲೆ ಅಳಿಸಿಬಿಡಿ, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ದುಡ್ಡಿನ ಮಾತು. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಕೌಂಟರ್ ಇರುತ್ತದೆ. ಆಪರೇಷನ್‌ಗೆ ಮುಂಚೆಯೇ ಒಪ್ಪಿಗೆ ಬರಬೇಕು, ಆದ್ದರಿಂದ ಅಡ್ಮಿಟ್ ಆಗುವ ಮೊದಲೇ ಹೋಗಿ ಕೇಳಿ. ಅಲ್ಲಿ ಮಹಾರಾಷ್ಟ್ರದ ರೇಷನ್ ಕಾರ್ಡ್ ಕೇಳುತ್ತಾರೆ. ನಿಮ್ಮದು ಊರಿನದೇ ಆಗಿದ್ದು, ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಎರಡೂ ಇಲ್ಲದಿದ್ದರೆ ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ರ ಹೋಗಿ. ಟ್ರಸ್ಟುಗಳಿಂದ ನೆರವು ಕೊಡಿಸುವ ದಾರಿ ಅವರಿಗೆ ಗೊತ್ತಿರುತ್ತದೆ.

ಪರೀಕ್ಷೆಗಳು ಏನು ಹೇಳುತ್ತವೆ

ಸೋನೋಗ್ರಫಿ ಆಕಾರ ತೋರಿಸುತ್ತದೆ, ಕೆಲಸ ತೋರಿಸುವುದಿಲ್ಲ. ಎಂಸಿಯು ಅನ್ನುವುದರಲ್ಲಿ ನಳಿಗೆ ಮೂಲಕ ಮೂತ್ರಚೀಲಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ತುಂಬಿ, ಮಗು ಉಚ್ಚೆ ಮಾಡುವಾಗ ಎಕ್ಸ್‌ರೇ ತೆಗೆಯುತ್ತಾರೆ. ಪೊರೆ ಅಡ್ಡ ಇದೆಯಾ, ಮೂತ್ರ ಕಿಡ್ನಿಗೆ ವಾಪಸು ಹೋಗುತ್ತದೆಯಾ ಅಂತ ಇದರಲ್ಲಿ ಗೊತ್ತಾಗುತ್ತದೆ. ಮಗು ಅಳುತ್ತದೆ, ನೋಡಲು ಕಷ್ಟ. ಸೋಂಕು ಇರುವಾಗ ಮಾಡುವುದಿಲ್ಲ. ಡಿಟಿಪಿಎ ಅಥವಾ ಇಸಿ ಸ್ಕ್ಯಾನ್ ಎರಡು ಕಿಡ್ನಿಯ ಕೆಲಸದ ಪಾಲು ಹೇಳುತ್ತದೆ, ಮೂತ್ರ ಇಳಿಯುತ್ತದೋ ನಿಲ್ಲುತ್ತದೋ ತೋರಿಸುತ್ತದೆ. ಡಿಎಂಎಸ್‌ಎ ಸ್ಕ್ಯಾನ್ ಸೋಂಕಿನಿಂದಾದ ಕಲೆ ತೋರಿಸುತ್ತದೆ. ಕಲೆ ಉಳಿದಿದೆಯೇ ಎಂದು ನೋಡಲು ಅದನ್ನು ಸೋಂಕಾಗಿ ನಾಲ್ಕಾರು ತಿಂಗಳ ಮೇಲೆ ಮಾಡುತ್ತಾರೆ. ಎಲ್ಲ ಮಗುವಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಅಂತ ಧೈರ್ಯವಾಗಿ ಕೇಳಿ. ಇಳಿಯದ ಬೀಜಕ್ಕೆ ಸಾಮಾನ್ಯವಾಗಿ ಸೋನೋಗ್ರಫಿಯ ಅಗತ್ಯವಿಲ್ಲ. ಸರ್ಜನ್‌ರ ಕೈಯೇ ಸಾಕು, ಕೈಗೆ ಸಿಗದಿದ್ದರೆ ದೂರ್ಬೀನಿನಲ್ಲಿ, ಅಂದರೆ ಒಳಗೆ ಬಿಡುವ ಸಣ್ಣ ಕ್ಯಾಮೆರಾದಲ್ಲಿ, ನೋಡುತ್ತಾರೆ.

ಚಿಕಿತ್ಸೆ

ಮೂತ್ರನಾಳದ ಪೊರೆಗೆ ಮೊದಲು ನಳಿಗೆ ಹಾಕಿ ಮೂತ್ರ ಬಿಡುತ್ತಾರೆ, ರಕ್ತದ ಉಪ್ಪು ಸರಿಮಾಡುತ್ತಾರೆ, ಆಮೇಲೆ ಮೂತ್ರದ ದಾರಿಯಿಂದಲೇ ದೂರ್ಬೀನು ಹಾಕಿ ಪೊರೆ ಸುಡುತ್ತಾರೆ. ಹೊರಗೆ ಗಾಯ ಇರುವುದಿಲ್ಲ. ಆದರೆ ಈ ಮಕ್ಕಳ ಕಿಡ್ನಿಯನ್ನು ಜೀವನವಿಡೀ ನೋಡುತ್ತಿರಬೇಕು.

ನನ್ನ ಮಗನಿಗಾದದ್ದು ಪೈಲೋಪ್ಲಾಸ್ಟಿ. ಕಿರಿದಾದ ಭಾಗ ಕತ್ತರಿಸಿ ಮತ್ತೆ ಹೊಲಿಯುತ್ತಾರೆ. ಒಳಗೆ ಡಿಜೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಬಿಡುತ್ತಾರೆ. ಕೆಲವು ವಾರದ ಮೇಲೆ ಅದನ್ನು ತೆಗೆಸಲೇಬೇಕು. ತೆಗೆಸುವ ತಾರೀಖು ಡಿಸ್ಚಾರ್ಜ್ ಕಾಗದದ ಮೇಲೆ ಬರೆಸಿಕೊಳ್ಳಿ. ಮಗು ಚೆನ್ನಾಗಿದೆ ಅಂತ ಊರಿಗೆ ಹೋಗಿ ಸ್ಟೆಂಟ್ ಮರೆತವರನ್ನು ನಾನು ನೋಡಿದ್ದೇನೆ.

ಮೂತ್ರ ವಾಪಸು ಹೋಗುವ ತೊಂದರೆಯಲ್ಲಿ ಒಂದರಿಂದ ಐದರವರೆಗೆ ಗ್ರೇಡ್ ಇದೆ. ಕಡಿಮೆ ಗ್ರೇಡು ಬೆಳೆದಂತೆ ಹೋಗುವುದು ಹೆಚ್ಚು. ರಾತ್ರಿ ಒಂದು ಸಣ್ಣ ಡೋಸ್ ಆಂಟಿಬಯಾಟಿಕ್ ಕೊಡಬಹುದು. ಮಲಬದ್ಧತೆ ಬಿಡಿಸುವುದೂ ಔಷಧಿಯಷ್ಟೇ ಮುಖ್ಯ. ಹೈಪೋಸ್ಪೇಡಿಯಾಸ್ ಆಪರೇಷನ್ ಆರರಿಂದ 18 ತಿಂಗಳೊಳಗೆ ಮಾಡುವುದು ರೂಢಿ. ತೂತು ಬಹಳ ಕೆಳಗಿದ್ದರೆ ಎರಡು ಹಂತ ಬೇಕಾಗಬಹುದು. ಕೆಲವರಲ್ಲಿ ಹೊಲಿಗೆಯ ಜಾಗದಿಂದ ಮೂತ್ರ ಸೋರಿ ಮತ್ತೆ ಸರಿಮಾಡಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಎದೆ ಒಡೆಯುವುದಿಲ್ಲ.

ಆಪರೇಷನ್ನಿನ ದಿನ ಮತ್ತು ಆಮೇಲೆ

ಅನಸ್ತೇಶಿಯಾಕ್ಕೆ ಮುಂಚೆ ಬೇರೆ ಹಾಲು, ಊಟ ಆರು ಗಂಟೆ ಮೊದಲು ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ನಿಮ್ಮ ಡಾಕ್ಟರು ಬೇರೆ ಸಮಯ ಹೇಳಿದರೆ ಅದೇ ಸರಿ. ಹಸಿದು ಅಳುವ ಮಗುವಿಗೆ ಅಜ್ಜಿ ಮರುಗಿ ಒಂದು ಚಮಚ ಹಾಲು ಕೊಟ್ಟರೂ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಹೈಪೋಸ್ಪೇಡಿಯಾಸ್ ಆದ ಮಕ್ಕಳಿಗೆ ಎರಡು ಡೈಪರ್ ಹಾಕುತ್ತಾರೆ. ಒಳಗಿನದಕ್ಕೆ ತೂತು ಮಾಡಿ ನಳಿಗೆ ಹೊರತೆಗೆದರೆ ಮೂತ್ರ ಹೊರಗಿನದಕ್ಕೆ ಬೀಳುತ್ತದೆ, ಗಾಯ ಒಣಗಿರುತ್ತದೆ. ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳಬೇಡಿ, ಕೆಲವು ವಾರ ಎದೆಗೇ ಎತ್ತಿಕೊಳ್ಳಿ. ನಳಿಗೆ ಕಟ್ಟಿಕೊಂಡು ಮೂತ್ರ ನಿಂತರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಫೋನ್ ಮಾಡಿ ಕೇಳುತ್ತಾ ಕೂರದೆ ಹೊರಡಿ.

ಮಾತು ಬರುವ ಮಗುವಾದರೆ ಅದಕ್ಕೂ ಹೇಳಿ. ನನ್ನ ಮಗನಿಗೆ ನಾಲ್ಕು ವರ್ಷಕ್ಕೇ, ನಿನ್ನ ಒಂದು ಕಿಡ್ನಿಯ ನಲ್ಲಿ ಸಣ್ಣದಿತ್ತು, ಡಾಕ್ಟರು ದೊಡ್ಡದು ಮಾಡಿದರು ಅಂದಿದ್ದೆ. ಪಕ್ಕೆಯ ಗೆರೆಯನ್ನು ಅವನು ಸ್ನೇಹಿತರಿಗೆ ತೋರಿಸಿ ಅದೇ ಕತೆ ಹೇಳುತ್ತಿದ್ದ.

ಈಗ ಅವನಿಗೆ ಹನ್ನೊಂದು. ವರ್ಷಕ್ಕೊಮ್ಮೆ ಸೋನೋಗ್ರಫಿ, ಬಿಪಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯೇಟಿನಿನ್ ಪರೀಕ್ಷೆ. ನಾವು ಅದನ್ನು ಮೇ ತಿಂಗಳ ರಜೆಗೆ ಇಟ್ಟುಕೊಂಡಿದ್ದೇವೆ, ಹಾವೇರಿಗೆ ಹೊರಡುವ ಮುಂಚೆ. ನೀಲಿ ಫೈಲನ್ನು ಈ ವರ್ಷ ಅವನೇ ತನ್ನ ಚೀಲದಲ್ಲಿ ಇಟ್ಟುಕೊಂಡ.